ಬತ್ತೀನಿ ಕಣವ್ವ

ಅಮೆರಿಕದ ಇಸ್ಸಾಕ್ವಾ ಊರಿನ ಗುಡ್ಡದ ಮನೇಲಿ ಕಂಪ್ಯೂಟರ್ ಕೆಟ್ಟು ಕೂತಾಗ ಪದ್ಮಿನಿಗೆ ಬೇಕಾಗಿದ್ದಿದ್ದು ಒಂದೇ, ತೀರಿಹೋದ ಅವ್ವನ ದನಿ. ಮಂಡ್ಯದಿಂದ ಅವ್ವ ಹತ್ತೊಂಬತ್ತು ಸಲ ಫೋನಲ್ಲಿ ಮಾತಾಡಿದ್ದು ಅದರಲ್ಲಿ ರೆಕಾರ್ಡ್ ಆಗಿತ್ತು. ಪ್ರತಿ ಸಲ ಫೋನ್ ಇಡುವಾಗ ಅವ್ವ “ಬತ್ತೀನಿ ಕಣವ್ವ” ಅನ್ನೋಳು.

“ವೀಸಾನೇ ಇಲ್ದೆ ಎಲ್ಲಿಗ್ ಬತ್ತೀಯವ್ವ?” ಅಂತ ಪದ್ಮಿನಿ ರೇಗಿಸೋಳು.

“ಓಯ್ತೀನಿ ಅನ್ಬಾರ್ದು ಕಣೇ. ಬತ್ತೀನಿ ಅಂದ್ರೆ ಬತ್ತೀನಿ.”

ಗಂಡ ಲೋಕೇಶ ಆಫೀಸಲ್ಲಿ ಕೇಳ್ಕೊಂಡು ಬಂದ ಉಪಾಯ ಮಾಡಿದ. ಹಾರ್ಡ್ ಡಿಸ್ಕ್ ಬಿಚ್ಚಿ, ಪ್ಲಾಸ್ಟಿಕ್ ಕವರಲ್ಲಿ ಸುತ್ತಿ, ಫ್ರೀಜರಲ್ಲಿ ತೆಂಗಿನಕಾಯಿ ತುರಿ ಪಕ್ಕ ಒಂದಿನ ಇಟ್ಟ. ತಣ್ಣಗಿರೋವರೆಗೂ ಓಡುತ್ತಂತೆ. ಶನಿವಾರ ಬೆಳಿಗ್ಗೆ ತೆಗೆದು ಸಿಕ್ಕಿಸಿದ್ರೆ ನಿಜವಾಗ್ಲೂ ಓಡ್ತು. ಫೈಲೆಲ್ಲ ಕಾಣಿಸ್ಕೊಂಡ್ವು. ಲೋಕೇಶ ಎಣಿಸಿದ, ಇಪ್ಪತ್ತು.

“ಒಂದು ಜಾಸ್ತಿ ಇದೆ ಕಣೆ. ಇವತ್ತಿನ ತಾರೀಕು ತೋರಿಸ್ತಿದೆ. ಇರು, ಮೊದ್ಲು ಎಲ್ಲ ಕಾಪಿ ಮಾಡ್ಕೊಳ್ಳೋಣ.”

ಪದ್ಮಿನಿ ಕಾಯಲಿಲ್ಲ, ಅದನ್ನೇ ಒತ್ತಿದಳು. ಹಲ್ಲು ಕಟಕಟ ಅನ್ನೋ ಸದ್ದು ಬಂತು, ಆಮೇಲೆ ಅವ್ವನ ದನಿ.

“ಬಂದೆ ಕಣವ್ವ. ಬಂದೋಳ್ನ ತೆಂಗಿನ್ಕಾಯಿ ಪಕ್ಕ ಮಲಗಿಸ್ದಲ್ಲೇ. ಏನ್ ಚಳಿ ನಿಮ್ಮನೇಲಿ.”

ಪದ್ಮಿನಿ ಎದ್ದು ಹೋಗಿ ಕಂಬಳಿ ತಂದಳು.

“ಬೆಚ್ಚಗಾದ್ರೆ ನಿಂತೋಗುತ್ತೆ ಕಣೆ. ಒಂದೂ ಉಳಿಯಲ್ಲ,” ಅಂದ ಲೋಕೇಶ.

“ಅವ್ವಂಗೆ ಚಳಿ ಆಯ್ತದಂತೆ ರೀ,” ಅಂತ ಡಿಸ್ಕಿಗೆ ಹೊದಿಸಿದಳು.

ಸ್ವಲ್ಪ ಹೊತ್ತಿಗೆ ಡಿಸ್ಕು ನಿಂತೋಯ್ತು. ಯಾರೂ ಇಲ್ಲದ ಅಡಿಗೆಮನೇಲಿ ಕಾಫಿ ಫಿಲ್ಟರಿನ ಮುಚ್ಚಳ ತೆಗೆದ ಸದ್ದಾಯ್ತು.