ತಮ್ಮನ ಐನೂರು ಶೇರು

ಆಡಿಟರ ಆಫೀಸಿದ್ದ ಮೂರನೇ ಮಹಡಿ ಹತ್ತುವಷ್ಟರಲ್ಲಿ ಟೈಲರಿಗೆ ಸಾಕುಸಾಕಾಗಿತ್ತು. ಲಿಫ್ಟು ಕೆಟ್ಟಿದೆ ಎಂದು ಬರೆದು ಅಂಟಿಸಿದ ಚೀಟಿಯೇ ಹಳೆಯದಾಗಿ ಮೂಲೆ ಸುರುಟಿಕೊಂಡಿತ್ತು. ನಲವತ್ತು ವರ್ಷ ಹೊಲಿಗೆ ಮಿಷನ್ನು ತುಳಿದ ಮಂಡಿಗಳು ಒಂದೊಂದು ಮೆಟ್ಟಿಲಿಗೂ ತಕರಾರು ತೆಗೆದವು. ಹಿಂದೆ ಬರುತ್ತಿದ್ದ ತಮ್ಮನ ಹೆಂಡತಿ, "ಭಾವ, ಸ್ವಲ್ಪ ಕೂತ್ಕೊಳ್ಳಿ" ಎಂದು ಎರಡು ಸಲ ಹೇಳಿ ನೋಡಿದಳು. ಅವನು ಕೂರಲಿಲ್ಲ. ಕೂತರೆ ಮತ್ತೆ ಏಳಬೇಕಲ್ಲ.

ತಮ್ಮ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವನ ಹೆಸರಲ್ಲಿದ್ದ ಪಂಪು ಕಂಪನಿಯ ಐನೂರು ಶೇರುಗಳನ್ನು ಅವಳು ಮಾರಿದ್ದಳು. ಮಾರಿದ ಮೇಲೆ ತೆರಿಗೆ ಕಟ್ಟಬೇಕು, ತೆರಿಗೆ ಲೆಕ್ಕ ಹಾಕಲು ಕೊಂಡ ಬೆಲೆ ಬೇಕು. ಕೊಂಡವನು ಅಣ್ಣತಮ್ಮಂದಿರ ಅಪ್ಪ. ಅವನೂ ಹೋಗಿ ಹದಿನೈದು ವರ್ಷ. ಕೊಂಡ ದಿನದ ಬಿಲ್ಲು ಅಪ್ಪನ ತಗಡಿನ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಟೈಲರ ಮನೆಯ ಅಟ್ಟದ ಮೇಲೆ. ಮೊನ್ನೆ ಅವಳು ಅಂಗಡಿಗೆ ಬಂದು, ಗಿರಾಕಿಗಳೆಲ್ಲ ಹೋಗುವವರೆಗೆ ಕಾದು, ಆ ಬಿಲ್ಲು ಸಿಗುತ್ತದಾ ಎಂದು ಕೇಳಿದ್ದಳು. ಹುಡುಕಿ ಕೊಟ್ಟುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಟೈಲರು, "ನಾನೇ ತರ್ತೀನಿ. ಆಡಿಟರ್ ಮುಂದೆ ನಂಗೂ ಒಂದು ಮಾತು ಕೇಳೋದಿದೆ" ಎಂದಿದ್ದ.

ಆ ಮಾತು ಅವನ ಹೊಟ್ಟೆಯಲ್ಲಿ ಹನ್ನೊಂದು ವರ್ಷದಿಂದ ಕೂತಿತ್ತು. ಅಪ್ಪ ಇಬ್ಬರು ಮಕ್ಕಳ ಹೆಸರಲ್ಲೂ ಶೇರು ಕೊಂಡಿಟ್ಟಿದ್ದ. ಟೈಲರ ಪಾಲಿಗೆ ಬಂದದ್ದು ನೂರು. ಅಂಗಡಿಗೆ ಹೊಸ ಮಿಷನ್ನು ಬೇಕಾದಾಗ ಅವನು ಆ ಶೇರುಗಳನ್ನು ಮಾರಿದ. ಆಮೇಲೆ ಎರಡು ವರ್ಷಕ್ಕೆ, ತಮ್ಮನಿಗೆ ಕಂಪನಿ ಕಳಿಸಿದ ಲಕೋಟೆಯೊಂದು ಹಳೆಯ ವಿಳಾಸ ಹಿಡಿದು ಇವನ ಮನೆಗೆ ಬಂತು. ಒಡೆದು ನೋಡಿದರೆ ತಮ್ಮನ ಹೆಸರಲ್ಲಿ ಐನೂರು ಶೇರು! ಅಪ್ಪ ದೊಡ್ಡವನಿಗೆ ನೂರು, ಚಿಕ್ಕವನಿಗೆ ಐನೂರು ಕೊಟ್ಟಿದ್ದಾನೆ ಎಂದು ಅವನು ಆ ಕ್ಷಣವೇ ತೀರ್ಮಾನಿಸಿಬಿಟ್ಟ. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಮೂರು ಸಲ ಅಳೆಯುವ ಮನುಷ್ಯ ಇವನು. ತಮ್ಮನ ವಿಷಯದಲ್ಲಿ ಟೇಪನ್ನು ಜೇಬಿನಿಂದ ತೆಗೆಯಲೇ ಇಲ್ಲ. ಮಾತು ಬಿಟ್ಟ. ತಮ್ಮ ಒಂದು ದಿನ ಅಂಗಡಿಯ ಬಾಗಿಲಲ್ಲಿ ನಿಂತು, "ಅಣ್ಣ, ನಾನೇನು ಮಾಡ್ದೆ ಹೇಳು" ಎಂದು ಕೇಳಿದ. "ನಿಂಗೇ ಗೊತ್ತು" ಎಂದು ಇವನು ಗುಂಡಿ ಹೊಲಿಯುವುದನ್ನು ಮುಂದುವರಿಸಿದ.

ನಿನ್ನೆ ಪೆಟ್ಟಿಗೆ ಇಳಿಸಿ ಬಿಲ್ಲು ತೆಗೆದಾಗ ಅದರಲ್ಲಿ ತಮ್ಮನ ಹೆಸರಿನ ಮುಂದೆಯೂ ನೂರು ಎಂದೇ ಇತ್ತು. ಬೇರೆ ಯಾರಿಗಾದರೂ ಅಲ್ಲೇ ಅನುಮಾನ ಬರುತ್ತಿತ್ತು. ಟೈಲರಿಗೆ ಮಾತ್ರ ಸಿಟ್ಟು ಇನ್ನಷ್ಟು ಏರಿತು. ಹಾಗಾದರೆ ಉಳಿದ ನಾನೂರನ್ನು ಅಪ್ಪ ಕದ್ದುಮುಚ್ಚಿ ಕೊಟ್ಟಿದ್ದಾನೆ!

ಆಡಿಟರು ಚಿಕ್ಕ ವಯಸ್ಸಿನ ಹೆಂಗಸು. ಮೇಜಿನ ತುಂಬ ಫೈಲು, ಕಣ್ಣಿನ ತುಂಬ ನಿದ್ದೆ. ಬಿಲ್ಲನ್ನು ಬೆಳಕಿಗೆ ಹಿಡಿದು ಓದಿದಳು.

"ಚೆನ್ನಾಗಿಟ್ಕೊಂಡಿದ್ದೀರಿ. ಇಬ್ಬರಿಗೂ ಒಂದೇ ದಿನ, ನೂರು ನೂರು, ಒಂದೊಂದಕ್ಕೆ ಐನೂರು ರೂಪಾಯಿ."

"ಅದ್ಸರಿ ಮೇಡಂ," ಟೈಲರು ಮುಂದಕ್ಕೆ ಬಾಗಿದ. "ನಾನು ಹದಿಮೂರು ವರ್ಷದ ಹಿಂದೆ ಮಾರಿದಾಗ ನನ್ನದು ನೂರೇ ಇತ್ತು. ಇವಳು ಮಾರಿದ್ದು ಐನೂರು ಶೇರು. ಮಿಕ್ಕ ನಾನೂರು ಎಲ್ಲಿಂದ ಬಂತು? ಅದಕ್ಕೆ ಬಿಲ್ಲೆಲ್ಲಿ?"

"ಅದಕ್ಕೆ ಬಿಲ್ಲು ಇರಲ್ಲ. ಕಂಪನಿ ಆಮೇಲೆ ಒಂದೊಂದು ಶೇರನ್ನೂ ಐದು ಮಾಡ್ತು. ಸ್ಪ್ಲಿಟ್ ಅಂತಾರೆ. ಯಾರೂ ಕೊಂಡಿದ್ದಲ್ಲ, ಯಾರೂ ಕೊಟ್ಟಿದ್ದಲ್ಲ."

"ಪುಕ್ಕಟೆ ಬಂತಾ ಹಾಗಾದ್ರೆ?"

"ಪುಕ್ಕಟೆ ಎಲ್ಲಿ ಬಂತು? ಅವತ್ತು ಸಾವಿರದ ಐನೂರಕ್ಕೆ ಓಡ್ತಿದ್ದ ಶೇರು ಮಾರನೇ ದಿನ ಮುನ್ನೂರಾಯ್ತು. ಕೊಂಡ ಬೆಲೆನೂ ಹಾಗೇ ಹಂಚ್ಕೊಳ್ಳುತ್ತೆ. ಐನೂರು ರೂಪಾಯಿಯಂತೆ ನೂರು ಶೇರು ಇದ್ದಿದ್ದು ಈಗ ನೂರು ರೂಪಾಯಿಯಂತೆ ಐನೂರು ಶೇರು. ಆಗ್ಲೂ ಐವತ್ತು ಸಾವಿರ, ಈಗ್ಲೂ ಐವತ್ತು ಸಾವಿರ." ಅವಳು ಕಂಪ್ಯೂಟರಿನಲ್ಲಿ ಸ್ಪ್ಲಿಟ್ ಆದ ತಾರೀಖು ನೋಡಿದಳು. "ನೀವು ಮಾರಿದ ಮಾರನೇ ವರ್ಷ ಆಗಿದ್ದು ಇದು. ಇಟ್ಕೊಂಡಿದ್ರೆ ನಿಮ್ಮದೂ ಐನೂರೇ ಆಗ್ತಿತ್ತು."

ಒಂದು ಮೀಟರ್ ಬಟ್ಟೆಯಿಂದ ಐದು ಕರವಸ್ತ್ರ ಕತ್ತರಿಸಿದರೆ ಬಟ್ಟೆ ಐದು ಮೀಟರ್ ಆಗುವುದಿಲ್ಲ ಎಂದು ಟೈಲರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೇಜಿನ ಮೇಲಿದ್ದ ನೀರನ್ನು ಕೇಳದೆಯೇ ತೆಗೆದು ಕುಡಿದ. ಅಪ್ಪನ ಮೇಲಿನ ಸಿಟ್ಟು, ತಮ್ಮನ ಮೇಲಿನ ಸಿಟ್ಟು, ಎರಡೂ ಒಮ್ಮೆಲೇ ಕೈಬಿಟ್ಟು ಹೋದವು. ಅವನಿಗೆ ಹಗುರವೇನೂ ಆಗಲಿಲ್ಲ, ತುಂಬ ಸುಸ್ತಾಯಿತು.

ಇಳಿಯುವಾಗ ಎರಡನೇ ಮಹಡಿಯ ತಿರುವಿನಲ್ಲಿ ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ತಮ್ಮನ ಹೆಂಡತಿ ಗೋಡೆಗೆ ಒರಗಿ ನಿಂತಳು.

"ಭಾವ, ಒಂದು ಕೇಳ್ಲಾ? ಕೊನೇ ವಾರದಲ್ಲೂ ಅವರು ಅದನ್ನೇ ಅಂತಿದ್ರು. ಅಣ್ಣನಿಗೆ ನಾನೇನು ಮಾಡ್ದೆ, ಒಂದ್ಸಲ ಹೋಗಿ ಕೇಳ್ಕೊಂಡು ಬಾ ಅಂತ. ನಂಗೆ ಧೈರ್ಯ ಸಾಲಲಿಲ್ಲ. ಈಗ ಹೇಳಿ, ಅವರು ಮಾಡಿದ ತಪ್ಪೇನು?"

ಏನಾದರೊಂದು ಕಟ್ಟಿ ಹೇಳಬಹುದಿತ್ತು. ಹಳೆಯ ಮಾತು, ಬಿಟ್ಟುಬಿಡು ಎಂದು ಜಾರಿಕೊಳ್ಳಬಹುದಿತ್ತು. ಅದಕ್ಕೂ ಅವನಲ್ಲಿ ತ್ರಾಣ ಉಳಿದಿರಲಿಲ್ಲ.

"ಈ ಐನೂರು ಶೇರೇ ಕಣಮ್ಮ. ಅಪ್ಪ ಅವನಿಗೆ ಜಾಸ್ತಿ ಕೊಟ್ಟ ಅಂದ್ಕೊಂಡೆ. ಅವನೇನೂ ಮಾಡಿರ್ಲಿಲ್ಲ."

"ಇಷ್ಟೇನಾ?"

"ಇಷ್ಟೇ."

ಅವಳು ಅವನ ಕೈಯಲ್ಲಿದ್ದ ಬಿಲ್ಲನ್ನು ತೆಗೆದುಕೊಂಡು, ಹಳೆಯ ಮಡಿಕೆಯ ಮೇಲೇ ಮಡಿಸಿ ಚೀಲದೊಳಗಿಟ್ಟಳು. ಆಮೇಲೆ ಮೆಟ್ಟಿಲು ಇಳಿಯತೊಡಗಿದಳು. ಹತ್ತುವಾಗ ಎರಡು ಸಲ ಭಾವ ಎಂದು ಕರೆದಿದ್ದವಳು ಈಗ ಒಂದು ಸಲವೂ ತಿರುಗಿ ನೋಡಲಿಲ್ಲ. ಅವಳ ಚಪ್ಪಲಿಯ ಸದ್ದು ಕೆಳಗಿನ ರಸ್ತೆಯ ಗದ್ದಲದಲ್ಲಿ ಸೇರಿಹೋಗುವವರೆಗೂ ಟೈಲರು ಕೇಳಿಸಿಕೊಂಡ. ಆಮೇಲೆ ಕಂಬಿ ಹಿಡಿದು ಏಳಲು ನೋಡಿದ. ಮಂಡಿ ಏಳಲಿಲ್ಲ.