ಏಳನೆಯ ಪೀಪಾಯಿಯ ಹಾಡು

ಹೆಲ್ವಿಗ್ ಮನೆತನದಲ್ಲಿ ಸೊಸೆಯನ್ನು ಅಳೆಯುತ್ತಿದ್ದದ್ದು ಪೀಪಾಯಿಯ ಬಾಗಿಲಿನಿಂದ. ರೂಪ, ಗುಣ, ತವರಿನ ಹೊಲ ಎಲ್ಲ ಆಮೇಲೆ. ನೆಲಮಾಳಿಗೆಯಲ್ಲಿ ಗರ್ಭಿಣಿಯರಂತೆ ಸಾಲಾಗಿ ಕೂತ ಹದಿನಾಲ್ಕು ವೈನಿನ ಓಕ್ ಪೀಪಾಯಿಗಳು. ಒಂದೊಂದರ ಮುಖದಡಿಯಲ್ಲೂ ಒಂದು ನಾಯಿ ನುಗ್ಗುವಷ್ಟು ಬಾಗಿಲು. ವಾಲ್ಬುರ್ಗಾ ಹತ್ತೊಂಬತ್ತರ ಹುಡುಗಿಯಾಗಿ ನಾಹೆ ನದಿ ದಾಟಿ ಈ ಮನೆ ನೋಡಲು ಬಂದಾಗ, ಮಾವನಾಗಲಿದ್ದವನು ಕಾಫಿಗೆ ಮೊದಲು ಅವಳ ಕೈಗೆ ಬ್ರಷ್ ಕೊಟ್ಟನಂತೆ. ಅವಳು ಹಾವಿನಂತೆ ಒಳಗೆ ಸರಿದು, ಹಾವಿನಂತೆ ಹೊರಗೆ ಬಂದಳಂತೆ. ಹೆಗಲು ಸರಿಯಿದೆ ಎಂದು ಅವನು ಆವತ್ತೇ ಮದುವೆ ಗೊತ್ತುಮಾಡಿದನಂತೆ.

ಆ ಕತ್ತಲೆಗೆ ಎರಡು ಕಟ್ಟಳೆಗಳಿದ್ದವು. ಪೀಪಾಯಿಯನ್ನು ಕೆಡಿಸಿದವರೇ ಅದರೊಳಗೆ ಹೊಕ್ಕು ತೊಳೆಯಬೇಕು. ಒಳಗೆ ಹೋದವರು ಹಾಡುತ್ತಲೇ ಇರಬೇಕು, ಹೊರಗೆ ಒಬ್ಬರು ನಿಂತು ಕೇಳುತ್ತಿರಬೇಕು. ಹಳೆಯ ಪೀಪಾಯಿಯ ಹೊಟ್ಟೆಯಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಹಾಡು ನಿಂತರೆ ಕಾಲು ಹಿಡಿದು ಎಳೆದುಕೊಳ್ಳಬೇಕು.

ವಾಲ್ಬುರ್ಗಾಳ ಇಳಿಜಾರು ಹೆಗಲು ಮಗಳು ಗೆರ್ಲಿಂಡೆಗೆ ಬಂತು. ಮಗ ರುಪ್ರೆಕ್ಟ್‌ಗೆ ಬಂದದ್ದು ಅಪ್ಪನ ಎತ್ತಿನ ಹೆಗಲು. ಅವನು ಜೀವಮಾನದಲ್ಲಿ ಒಂದು ಪೀಪಾಯಿಯನ್ನೂ ಒಳಗಿನಿಂದ ನೋಡಿದವನಲ್ಲ. ಆದರೆ ಹೆಬ್ಬಾಗಿಲ ಹಲಗೆಯ ಮೇಲೆ ನಾಲ್ಕು ತಲೆಮಾರಿನಿಂದ ‘ಹೆಲ್ವಿಗ್ ಮತ್ತು ಮಗ’ ಎಂದೇ ಬರೆದಿತ್ತು. ಬಣ್ಣ ಉದುರಿದಾಗಲೆಲ್ಲ ಅದೇ ಅಕ್ಷರಗಳ ಮೇಲೆ ಹೊಸ ಬಣ್ಣ ಬಳಿಯುತ್ತಿದ್ದರು. ಬಳಿಯುತ್ತಿದ್ದವಳು ಗೆರ್ಲಿಂಡೆ.

ಅಪ್ಪ ಸತ್ತು ಎರಡು ವರ್ಷ ನೆಲಮಾಳಿಗೆಯ ಕೀಲಿಕೈ, ಅಂದರೆ ಮನೆಯ ಯಜಮಾನಿಕೆ, ವಾಲ್ಬುರ್ಗಾಳ ಸೊಂಟದಲ್ಲೇ ಇತ್ತು. ಮೂರನೆಯ ಸುಗ್ಗಿಯ ಊಟದಲ್ಲಿ, ಈರುಳ್ಳಿ ಕಡುಬನ್ನು ಕತ್ತರಿಸುತ್ತ, ಕೊಯ್ಲಿನವರೆಲ್ಲರ ಎದುರು ಅವಳು ಮಾತು ಕೊಟ್ಟಳು. ಕಾಗೆಬಂಡೆಯ ರಸವನ್ನು ಗೆರ್ಲಿಂಡೆ ಏಳನೆಯ ಪೀಪಾಯಿಯಲ್ಲಿ ಹುದುಗಿಸಲಿ. ಈಸ್ಟರ್‌ಗೆ ಮುಂಚಿನ ಹಸಿರು ಗುರುವಾರದ ಹೊತ್ತಿಗೆ ಅದರ ಸಿಹಿಯೆಲ್ಲ ಇಳಿದರೆ ಕೀಲಿಕೈ ಅವಳದು; ಇಳಿಯದಿದ್ದರೆ ತಮ್ಮನದು.

ಕಾಗೆಬಂಡೆಯೆಂದರೆ ಸ್ಲೇಟು ಕಲ್ಲಿನ ಕಡಿದಾದ ಇಳಿಜಾರು. ಅಲ್ಲಿಯ ರೀಸ್ಲಿಂಗ್ ದ್ರಾಕ್ಷಿ ಹಟಮಾರಿ. ಸುತ್ತಲ ಮನೆಗಳು ಒಂದಿಷ್ಟು ಸಿಹಿ ಉಳಿಸಿ ಮಾರಿಕೊಳ್ಳುತ್ತಿದ್ದ ಕಾಲದಲ್ಲೂ ಹೆಲ್ವಿಗ್‌ನವರು ಸಕ್ಕರೆಯ ಕೊನೆಯ ಎಳೆಯನ್ನೂ ಹುದುಗಿಗೆ ಉಣ್ಣಿಸಿ, ಚಾಕುವಿನ ಅಲಗಿನಂಥ, ಸಿಹಿಯಿಲ್ಲದ ಒಣ ವೈನ್ ತೆಗೆಯುತ್ತಿದ್ದರು. ಸಿಹಿ ವೈನನ್ನು ಆ ಮನೆಯಲ್ಲಿ ‘ಅಜ್ಜಿಯರ ಕೆಮ್ಮಿನ ಔಷಧಿ’ ಎನ್ನುತ್ತಿದ್ದರು.

ಏಳನೆಯ ಪೀಪಾಯಿ ಜನವರಿಯಲ್ಲಿ ಚಳಿಗೆ ಹುದುಗುವುದು ನಿಂತು ನಿದ್ದೆಹೋಯಿತು. ಗೆರ್ಲಿಂಡೆ ಅದಕ್ಕೆ ಕುದುರೆಯ ಕಂಬಳಿ ಹೊದಿಸಿದಳು, ಬಿಸಿನೀರಿನ ಚೀಲ ಕಟ್ಟಿದಳು, ಕೋಲು ಇಳಿಸಿ ತಳದ ಗಸಿಯನ್ನು ಮೇಲೆಬ್ಬಿಸಿದಳು. ಒಬ್ಬಳೇ ಇದ್ದಾಗ ಕತೆ ಹೇಳಿದಳು. ಕೂಸಿಗೆ ಹೇಳುವ ಹಾಗೆ, ಕಲ್ಲಾಗಿ ಹೋದ ರಾಜಕುಮಾರಿಯರ ಕತೆ, ನದಿಯ ತಳದಲ್ಲಿ ಗಂಟೆ ಬಾರಿಸುವ ಮುಳುಗಿದ ಊರಿನ ಕತೆ. ಮಾರ್ಚ್ ತಿಂಗಳಲ್ಲಿ ಬಿರಡೆಯ ಗಾಜಿನ ಕೊಳವೆಯಲ್ಲಿ ಗುಳ್ಳೆಯೊಂದು ಎದ್ದಿತು. ಆಮೇಲೆ ಇನ್ನೊಂದು. ಹಸಿರು ಗುರುವಾರಕ್ಕೆ ಮೂರು ದಿನ ಇರುವಾಗ ಅವಳು ಒಂದು ಗುಟುಕು ತೆಗೆದು ನಾಲಿಗೆಯ ಮೇಲಿಟ್ಟಳು. ಸಿಹಿಯ ಸುಳಿವಿಲ್ಲ. ಬರೀ ಒದ್ದೆ ಕಲ್ಲು, ಹಸಿರು ಸೇಬು, ಕೊನೆಗೊಂದು ಉಪ್ಪು. ಅವಳು ಪೀಪಾಯಿಗೆ ಹಣೆ ಹಚ್ಚಿ ಬಹಳ ಹೊತ್ತು ನಿಂತಿದ್ದಳು.

ಗುರುವಾರ ಪಾಲಕ್ ಸೊಪ್ಪು, ಮೊಟ್ಟೆ, ಆಲೂಗಡ್ಡೆ ಉಂಡು ಎಲ್ಲರೂ ಕೆಳಗಿಳಿದರು. ವರ್ಷವರ್ಷವೂ ಅರ್ಧ ಮಾಲು ಕೊಳ್ಳುವ ವ್ಯಾಪಾರಿ ಟಿಲ್ಮಾನ್ ಬಂದಿದ್ದ. ಅವನ ನಾಲಿಗೆಯನ್ನು ಆ ಕಣಿವೆಯವರೆಲ್ಲ ನಂಬುತ್ತಿದ್ದರು. ಏಳನೆಯದರ ಲೋಟವನ್ನು ಅವನು ಬಾಯಿಗಿಟ್ಟು, ಉಗಿದು, ಗೆರ್ಲಿಂಡೆಯ ಮುಖ ನೋಡದೆ ಲೋಟ ಕೆಳಗಿಟ್ಟ.

“ಸಿಹಿಯಿದೆಯಲ್ಲಮ್ಮ” ಎಂದ.

ಗೆರ್ಲಿಂಡೆ ಕುಡಿದು ನೋಡಿದಳು. ಸಿಹಿಯಿತ್ತು. ಆದರೆ ಕಾಗೆಬಂಡೆಯ ದ್ರಾಕ್ಷಿ ತಾನೇ ಉಳಿಸಿಕೊಂಡ ಸಿಹಿಯಲ್ಲ, ಯಾರೋ ಮೇಲಿನಿಂದ ತೊಡಿಸಿದ್ದು. ಗುಲಾಬಿ ಸೋಪಿನಂಥ ಪರಿಮಳದ ಬೇರೆ ಯಾವುದೋ ದ್ರಾಕ್ಷಿಯ ಹಸಿ ರಸ. ಅಂಥ ರಸವನ್ನು ಹುದುಗಿಸದೆ ಇಟ್ಟು, ಕೊನೆಯಲ್ಲಿ ವೈನಿಗೆ ಬೆರೆಸಿ ಸಿಹಿ ಮಾಡುವ ಮನೆ ಹತ್ತಿರದಲ್ಲಿ ಒಂದೇ. ಆಚೆ ದಡದ ಅಮ್ಮನ ತವರು. ಮಂಗಳವಾರ ಅಮ್ಮ ಈಸ್ಟರ್ ಮೊಟ್ಟೆ ಕೊಡಲೆಂದು ವ್ಯಾನಿನಲ್ಲಿ ಹೋಗಿದ್ದು ಅಲ್ಲಿಗೇ.

ಈ ಪೀಪಾಯಿಗೆ ಹೊರಗಿನ ರಸ ಬಿದ್ದಿದೆ ಎಂದು ಟಿಲ್ಮಾನನ ಎದುರು ಒಂದು ಮಾತು ಆಡಿದ್ದರೆ ಸಾಕಿತ್ತು. ಹೆಲ್ವಿಗ್ ಹೆಸರು ಆ ಸಂಜೆಯೇ ನಾಹೆ ನದಿಯಲ್ಲಿ ತೇಲಿಹೋಗುತ್ತಿತ್ತು. ಕೀಲಿಕೈ ಬೇಕೆನ್ನುವವಳು ಬೀಗ ಜಡಿಯಬೇಕಾದ ಮನೆಯನ್ನೇ ಸುಡಲಾರಳು. ಅಮ್ಮ ಅದನ್ನೂ ಲೆಕ್ಕ ಹಾಕಿದ್ದಳು. ಗೆರ್ಲಿಂಡೆ ಲೋಟ ತೊಳೆದಳು. ವಾಲ್ಬುರ್ಗಾ ಸೊಂಟದಿಂದ ಕೀಲಿಕೈ ಬಿಚ್ಚಿ ಮಗನ ಕೊರಳಿಗೆ ಹಾಕಿದಳು. ಗಂಟೆ ಕಟ್ಟಿಸಿಕೊಂಡ ಹೋರಿಯಂತೆ ಅವನು ನಕ್ಕ.

ಕೆಟ್ಟ ಪೀಪಾಯಿಯನ್ನು ಬೇಗ ಬಾಟಲಿಗೆ ಇಳಿಸಿ, ಹೆಸರಿಲ್ಲದ ಚೀಟಿ ಅಂಟಿಸಿ, ಮದುವೆ ಮನೆಗಳಿಗೆ ಅಗ್ಗಕ್ಕೆ ಮಾರಿಬಿಡುವುದೆಂದು ಅಮ್ಮ ತೀರ್ಮಾನಿಸಿದಳು. ಮುಂದಿನ ವಾರ ಬಾಟಲಿ ತುಂಬುವ ದಿನ ಬೆಳಿಗ್ಗೆ ಗೆರ್ಲಿಂಡೆ ಏಳನೆಯದಕ್ಕೆ ಕಿವಿಯಿಟ್ಟಳು. ಒಳಗೆ ಪಿಸುಮಾತು. ಹೊಸ ಸಕ್ಕರೆಯ ರುಚಿ ಹತ್ತಿ, ಸಾಯುತ್ತಿದ್ದ ಹುದುಗು ಮತ್ತೆ ಕಣ್ಣುಬಿಡುತ್ತಿತ್ತು. ಸಿಹಿ ಮಾಡುವ ಮನೆಗಳಲ್ಲಾದರೆ ಹುದುಗಿನ ಕೊನೆಯ ಕಣವನ್ನೂ ಸೋಸಿ ತೆಗೆಯುವ ಯಂತ್ರವಿರುತ್ತದೆ. ಹೆಲ್ವಿಗ್‌ನವರಲ್ಲಿ ಅದಿರಲಿಲ್ಲ, ನಾಲ್ಕು ತಲೆಮಾರಿನಿಂದ ಬೇಕೆನಿಸಿಯೂ ಇರಲಿಲ್ಲ. ತಿನ್ನಲು ಏನೂ ಉಳಿಯದ ವೈನಿನಲ್ಲಿ ಹುದುಗು ತಾನಾಗಿ ಸಾಯುತ್ತದೆ; ಸಿಹಿ ಉಳಿದರೆ ಮುಚ್ಚಿದ ಬಾಟಲಿಯೊಳಗೂ ಗಾಳಿ ಉಬ್ಬಿಸುತ್ತಲೇ ಇರುತ್ತದೆ.

ತುಂಬುವ ಮೊದಲು, ಹುದುಗು ನಿಂತಿತೇ ಎಂದು ಮನೆಯ ಹಿರಿಯರು ಕೀಲಿಕೈ ಇದ್ದವರನ್ನು ಮೂರು ಸಲ ಕೇಳುವುದು ಪದ್ಧತಿ.

“ಮಲಗಿತಾ?” ಎಂದಳು ವಾಲ್ಬುರ್ಗಾ.

“ಮಲಗಿದೆ” ಎಂದ ರುಪ್ರೆಕ್ಟ್.

“ಮಲಗಿತಾ?”

“ಅಮ್ಮಾ, ಅದು” ಎಂದು ಗೆರ್ಲಿಂಡೆ ಬಾಯಿ ತೆರೆದಳು.

“ನಾನು ಕೇಳಿದ್ದು ಕೀಲಿಕೈ ಇರೋರನ್ನ” ಎಂದಳು ವಾಲ್ಬುರ್ಗಾ, ತಿರುಗಿ ಸಹ ನೋಡದೆ. “ಪೀಪಾಯಿ ಕೆಡಿಸಿದವರ ಹತ್ತಿರ ಯಾರೂ ಜ್ಯೋತಿಷ್ಯ ಕೇಳ್ತಾ ಇಲ್ಲ.”

ಮೂರನೆಯ ಸಲವೂ ರುಪ್ರೆಕ್ಟ್ ಮಲಗಿದೆ ಎಂದ.

ಬರಿದಾದ ಪೀಪಾಯಿಯೊಳಗೆ ಗೆರ್ಲಿಂಡೆ ಬ್ರಷ್ ಹಿಡಿದು ಸರಿದಳು. ಬಾಯಿಗೆ ಬಂದ ಎಣಿಕೆಯ ಹಾಡೊಂದನ್ನು ಹಾಡತೊಡಗಿದಳು. ಹೊರಗೆ ಅಮ್ಮ ಸ್ಟೂಲಿನ ಮೇಲೆ ಕೂತು ದೀಪ ಹಿಡಿದಿದ್ದಳು. ಸ್ವಲ್ಪ ಹೊತ್ತಿಗೆ ಆ ಸಣ್ಣ ಬಾಗಿಲಿನಿಂದ ಅಮ್ಮನ ದನಿ ಒಳಗೆ ಬಂತು, ಅಡುಗೆಮನೆಯ ಮಾತಿನಂತೆ.

“ಎಂಟು ಬಕೆಟ್ ಕಣೇ. ಎಂಟು ತೆಗೆದು ಎಂಟು ಸುರಿಯೋಷ್ಟರಲ್ಲಿ ನನ್ನ ಸೊಂಟ ಬಿದ್ದೇ ಹೋಯ್ತು.”

ಗೆರ್ಲಿಂಡೆ ಹಾಡುತ್ತಿದ್ದಳು.

“ನಲವತ್ತು ವರ್ಷ ಈ ತೂತಲ್ಲಿ ನುಗ್ಗಿದೀನಿ. ಬಸುರಿಯಾಗಿ ನಾಲ್ಕು ತಿಂಗಳವರೆಗೂ ನುಗ್ಗಿದೀನಿ. ನಂಗೆ ಯಾರು ಕೊಟ್ರು ಕೀಲಿಕೈ? ಗಂಡ ಸತ್ತ ಮೇಲೆ ಬಂತು. ನಿಂಗೆ ನಲವತ್ತಕ್ಕೇ ಬೇಕಾ?” ದೀಪ ಅಲುಗಿತು. “ನಿನ್ನದು ಒಣಗಿತ್ತು. ಚೆನ್ನಾಗಿತ್ತು. ನಿಮ್ಮಪ್ಪನ ಕೈಯಲ್ಲೂ ಅಂಥದ್ದು ಆಗಿರಲಿಲ್ಲ. ಹಾಡು, ಹಾಡು, ನಿಲ್ಲಿಸಬೇಡ.”

ಆಮೇಲೆ ಸ್ಟೂಲು ಸರಿದ ಸದ್ದು, ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು. ದೀಪವೂ ಹೋಯಿತು. ಮೇಲೆ ಅಡುಗೆಮನೆಯಲ್ಲಿ ಬಟ್ಟಲು ಕಿಣಿಗುಟ್ಟಿತು. ಕೇಳುವವರಿಲ್ಲದ ಕತ್ತಲಲ್ಲಿ ಗೆರ್ಲಿಂಡೆ ಮರ ಉಜ್ಜುತ್ತ, ಉಸಿರು ಸಣ್ಣದಾದರೂ ಹಾಡುತ್ತಲೇ ಇದ್ದಳು. ತಾನು ಇನ್ನೂ ಇದ್ದೇನೆಂದು ಅವಳಿಗೆ ಅವಳೇ ಹೇಳಿಕೊಳ್ಳಬೇಕಿತ್ತು.

ಆ ಬಾಟಲಿಗಳನ್ನು ನೆಲಮಾಳಿಗೆಯಲ್ಲಿಡಲು ವಾಲ್ಬುರ್ಗಾ ಒಪ್ಪಲಿಲ್ಲ. ಕೆಮ್ಮಿನ ಔಷಧಿ ನಮ್ಮ ರೀಸ್ಲಿಂಗ್‌ನ ಪಕ್ಕ ಮಲಗುವುದೇ, ಟ್ರ್ಯಾಕ್ಟರಿನ ತಗಡು ಕೊಟ್ಟಿಗೆಗೆ ಹಾಕು ಎಂದಳು. ಸಾವಿರದಾರುನೂರು ಬಾಟಲಿ ತಗಡಿನ ಕೆಳಗೆ ಗೋಡೆಯಂತೆ ಪೇರಿಸಲ್ಪಟ್ಟವು. ಅದನ್ನು ಕೊಳ್ಳುವವರು ಮಾತ್ರ ಸಿಗಲಿಲ್ಲ. ಮೇ ಬಂತು, ಜೂನ್ ಬಂತು. ಜುಲೈ ಬಂದಾಗ ಕಾಗೆಬಂಡೆಯ ಸ್ಲೇಟು ಬರಿಗೈಯಲ್ಲಿ ಮುಟ್ಟಲಾರದಷ್ಟು ಕಾದಿತು. ಒಂದು ಮಧ್ಯಾಹ್ನ ಗೆರ್ಲಿಂಡೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತಳು. ಕೆಲವು ಬಾಟಲಿಗಳ ಬೂಚು ಅರ್ಧ ಬೆರಳಷ್ಟು ಹೊರಗೆ ತಲೆ ಹಾಕಿತ್ತು. ಮೂಲೆಯಲ್ಲಿ ಬೆಕ್ಕು ಮರಿ ಹಾಕಿತ್ತು. ಅವಳು ನಾಲ್ಕೂ ಮರಿಗಳನ್ನು ಮಡಿಲಲ್ಲಿ ತುಂಬಿಕೊಂಡು ಹೋಗಿ ಹಿತ್ತಲ ಗೂಡಿನಲ್ಲಿಟ್ಟಳು. ತಾಯಿಬೆಕ್ಕನ್ನೂ ಕರೆದೊಯ್ದಳು. ಮನುಷ್ಯರಾರಿಗೂ ಏನೂ ಹೇಳಲಿಲ್ಲ.

ಮೂರು ದಿನದ ನಂತರ ವಾಲ್ಬುರ್ಗಾ, ಅಪರೂಪಕ್ಕೆ ಸಿಕ್ಕ ಗಿರಾಕಿಗೆಂದು ಎರಡು ಬಾಟಲಿ ತರಲು ಕೊಟ್ಟಿಗೆಗೆ ಹೋಗುವುದನ್ನು ಗೆರ್ಲಿಂಡೆ ಬಳ್ಳಿಯ ಸಾಲಿನಿಂದ ನೋಡಿದಳು. ಕರೆದರೆ ಕೇಳುವಷ್ಟು ದೂರ. ಅವಳು ಬಳ್ಳಿಯ ಕುಡಿ ಚಿವುಟುತ್ತ ನಿಂತಳು. ಅಮ್ಮ ಬೂಚು ನೋಡಲು ಬಗ್ಗಿರಬೇಕು. ಮೊದಲು ಒಂದು ಸಿಡಿತ, ಅದರ ಬೆನ್ನಿಗೇ ಬಾಟಲಿಗಳ ಗೋಡೆಗೆ ಗೋಡೆಯೇ ಸಿಡಿದ ಸದ್ದು. ಕಾಗೆಬಂಡೆಯ ಕಾಗೆಗಳೆಲ್ಲ ಒಟ್ಟಿಗೆ ಮೇಲೆದ್ದವು.

ಅಮ್ಮನ ಎಡಗಣ್ಣು ಹೋಯಿತು. ಎಳೆದು ತರಲು ಓಡಿದ ರುಪ್ರೆಕ್ಟ್‌ನ ಬಲಗೈಯ ಎರಡು ಬೆರಳು ಮಡಚದಾದವು. ಸುದ್ದಿ ಕಣಿವೆಯುದ್ದಕ್ಕೂ ಹರಿಯಿತು. ಒಣ ವೈನಿನ ಹೆಲ್ವಿಗ್‌ನವರಿಗೆ ಸಿಹಿ ಸಿಡಿಯುತ್ತದೆಂಬುದು ಗೊತ್ತಿರಲಿಲ್ಲವಂತೆ ಎಂದು ಹೋಟೆಲುಗಳಲ್ಲಿ ನಕ್ಕರು. ಟಿಲ್ಮಾನ್ ಆ ವರ್ಷದ ಮಾಲು ಬೇಡವೆಂದು ಎರಡು ಸಾಲು ಬರೆದು ಕಳಿಸಿದ. ರುಪ್ರೆಕ್ಟ್ ಕೊರಳಿನಿಂದ ಕೀಲಿಕೈ ತೆಗೆದು ಅಡುಗೆಮನೆಯ ಮೇಜಿನ ಮೇಲಿಟ್ಟು, ನಂಗೆ ಬೇಡ ಅಕ್ಕ ಎಂದ.

ವಾಲ್ಬುರ್ಗಾ ಪಟ್ಟಿ ಕಟ್ಟಿದ ಮುಖವನ್ನು ಎತ್ತಿದಳು. “ನಿಂಗೆ ಗೊತ್ತಿತ್ತು” ಎಂದಳು.

“ನನ್ನನ್ನ ಯಾರು ಕೇಳಿದ್ರು, ಅಮ್ಮಾ?” ಎಂದು ಗೆರ್ಲಿಂಡೆ ಕೀಲಿಕೈ ಎತ್ತಿಕೊಂಡಳು.

ಸೆಪ್ಟೆಂಬರಿನಲ್ಲಿ ಸುಗ್ಗಿಗೆ ಮೊದಲು ಅವಳು ಪೀಪಾಯಿಗಳನ್ನೆಲ್ಲ ಒಂದೊಂದಾಗಿ ತೊಳೆದಳು. ಏಳನೆಯದನ್ನು ಮಾತ್ರ ಬಿಟ್ಟಳು. ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅಮ್ಮನನ್ನು ಕರೆದು, ಕೈಹಿಡಿದು, ಮೆಟ್ಟಿಲು ತೋರಿಸುತ್ತ ಕೆಳಗೆ ಕರೆದೊಯ್ದಳು. ಸಣ್ಣ ಬಾಗಿಲು ತೆರೆದೇ ಇತ್ತು. ಬ್ರಷ್ ಬಕೆಟ್ಟಿನಲ್ಲಿತ್ತು.

“ನಂಗೆ ಅರವತ್ತೆಂಟು ಕಣೇ” ಎಂದಳು ವಾಲ್ಬುರ್ಗಾ.

“ಹೆಗಲು ಸರಿಯಿದೆ” ಎಂದಳು ಗೆರ್ಲಿಂಡೆ. “ಕೆಡಿಸಿದವರು ತೊಳೀಬೇಕು. ಕಟ್ಟಳೆ ನನ್ನದಲ್ಲ.”

ಮುದುಕಿ ಆ ಕಪ್ಪು ಬಾಗಿಲನ್ನು ಒಂದೇ ಕಣ್ಣಿನಿಂದ ನೋಡಿದಳು. ಮಗಳ ಮುಖವನ್ನೂ ನೋಡಿದಳು. ಅಲ್ಲಿ ಕಂಡದ್ದು ತನ್ನದೇ ಮುಖವಾದ್ದರಿಂದ ಬೇಡಿಕೊಂಡು ಪ್ರಯೋಜನವಿಲ್ಲವೆಂದು ಅವಳಿಗೆ ತಿಳಿಯಿತು. ಮಂಡಿಯೂರಿದಳು. ಮೊದಲು ಒಂದು ಹೆಗಲು, ಆಮೇಲೆ ಇನ್ನೊಂದು. ಚಪ್ಪಲಿಯಿಲ್ಲದ ಪಾದಗಳು ಕೊನೆಗೆ ಒಳಗೆ ಹೋದವು. ಸ್ವಲ್ಪ ಹೊತ್ತಿಗೆ ಮರದ ಹೊಟ್ಟೆಯಿಂದ ಬ್ರಷ್‌ನ ಸದ್ದು ಬಂತು, ಅದರ ಹಿಂದೆಯೇ ಒಡಕು ದನಿಯ ಹಾಡು, ಗೆರ್ಲಿಂಡೆ ಚಿಕ್ಕವಳಿದ್ದಾಗ ತೊಟ್ಟಿಲು ತೂಗುತ್ತ ಹೇಳುತ್ತಿದ್ದ ಹಾಡು.

ಗೆರ್ಲಿಂಡೆ ಸ್ಟೂಲಿನ ಮೇಲೆ ಕೂತು ಒಂದು ಚರಣ ಕೇಳಿದಳು. ಆಮೇಲೆ ದೀಪ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಅಡುಗೆಮನೆಯಲ್ಲಿ ಕಾಫಿ ಇನ್ನೂ ಬಿಸಿಯಿತ್ತು. ಅವಳು ಬಟ್ಟಲಿಗೆ ಬಗ್ಗಿಸಿಕೊಂಡು, ಸದ್ದಾಗುವಂತೆ ಚಮಚ ತಿರುಗಿಸಿದಳು.