ತೊಟ್ಟಿಯ ಮೂಲೆಯ ಗೀರು

"ಉಗುರಲ್ಲಿ ಹೋಗೋದಕ್ಕೆ ಕೊಡ್ಲಿ ಹಿಡಿದಿದೀಯಲ್ಲಮ್ಮ," ಎಂದು ಮಾವ ತೊಟ್ಟಿಯನ್ನು ಕಿಟಕಿಯ ಬೆಳಕಿಗೆ ವಾಲಿಸಿದರು.

ಸೊಸೆ ತೊಟ್ಟಿಯ ಇನ್ನೊಂದು ಅಂಚು ಹಿಡಿದುಕೊಂಡಳು. ಆಪರೇಷನ್ ಕೋಣೆಯ ನೆಲ ಒರೆಸುವ ನೀರು ತುಂಬುವ, ಚಕ್ರದ ಮೇಲೆ ಕೂರುವ ಸ್ಟೀಲ್ ತೊಟ್ಟಿ ಅದು. ಎಷ್ಟು ತೊಳೆದರೂ ತಳದ ಮೂಲೆಯಲ್ಲಿ ಮೂಡುತ್ತಿದ್ದ ಕಲೆಯೊಂದಕ್ಕೆ ರೋಸಿ, ನಿನ್ನೆ ಅವಳು ಕಬ್ಬಿಣದ ನಾರು ಹಿಡಿದು ಇಡೀ ಒಳಮೈಯನ್ನು ಸುತ್ತಿ ಸುತ್ತಿ ತಿಕ್ಕಿದ್ದಳು. ಬೆಳಿಗ್ಗೆ ನೋಡಿದರೆ ಬೆಕ್ಕು ಪರಚಿದಂಥ ಗೀರುಗಳು. ನಾರಿನ ಚೂರು ಕೂತಲ್ಲೆಲ್ಲ ತುಕ್ಕಿನ ಚುಕ್ಕೆ. ಹನ್ನೊಂದಕ್ಕೆ ತಪಾಸಣೆ. "ಅಷ್ಟರಲ್ಲಿ ಇದು ಕನ್ನಡಿ ಆಗಿರ್ಬೇಕು. ಇಲ್ದಿದ್ರೆ ನಾಳೆಯಿಂದ ನೀನು ಬರೋದು ಬೇಡ," ಎಂದಿದ್ದರು ಮೇಲ್ವಿಚಾರಕಿ. ಪಾತ್ರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಪಾಲಿಶ್ ಮಾಡಿದ್ದ ಮಾವನನ್ನು ಅವಳು ಆಸ್ಪತ್ರೆಯ ಹಿಂದಿನ ತೊಳೆಯುವ ಕೋಣೆಗೆ ಕರೆತಂದಿದ್ದಳು.

ಮಾವ ನಾನೂರನೇ ನಂಬರಿನ ಮರಳುಕಾಗದವನ್ನು ನೀರಿನಲ್ಲಿ ಅದ್ದಿ, ಮರದ ತುಂಡಿಗೆ ಸುತ್ತಿ ಅವಳ ಕೈಗಿಟ್ಟರು. "ಸ್ಟೀಲಿಗೂ ಎಳೆ ಇರುತ್ತೆ. ಎಳೆ ಹೋದ ಕಡೆಗೇ ಉಜ್ಜು. ಅಡ್ಡ ಹೋದೆಯೋ, ಹಳೇ ಗೀರಿನ ಜೊತೆಗೆ ಹೊಸದು."

ಆಮೇಲೆ ಆರುನೂರು, ಆಮೇಲೆ ಎಂಟುನೂರು. ಅವಳ ಹೆಗಲು ಕಳಚಿ ಬೀಳುವಂತಾಯಿತು. "ಕೈ ನಿಲ್ಲಿಸ್ಬೇಡ, ಗಡಿಯಾರ ನಿನ್ನ ನೆಂಟ ಅಲ್ಲ," ಎನ್ನುತ್ತ ಮಾವ ಬಟ್ಟೆಗೆ ಪಾಲಿಶ್ ಮೇಣ ಹಚ್ಚಿ ಹಿಂದೆಯೇ ಉಜ್ಜುತ್ತ ಬಂದರು. ಹತ್ತೂವರೆಗೆ ತೊಟ್ಟಿ ಹೊಳೆಯಿತು. ಉಳಿದದ್ದು ಮೂಲೆಯ ಒಂದೇ ಗೀರು. ಒರೆಸಿದರೆ ಮಾಯ, ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಕಪ್ಪು.

ಮಾವ ಅದರ ಮೇಲೆ ಉಗುರು ಎಳೆದರು. ಸಿಕ್ಕಿಕೊಂಡಿತು.

"ಇದು ನಿನ್ನ ಗೀರಲ್ಲ. ಬೆಸುಗೆ ಬಿಟ್ಟಿದೆ. ತಗಡು ಮಡಿಸಿದ ಸಂದಿಯೊಳಗೆ ನಿಂತ ಹಳೇ ನೀರು ಜಿನುಗ್ತಿದೆ."

"ಉಜ್ಜಿದ್ರೆ ಹೋಗಲ್ವಾ ಮಾವ?"

"ಉಜ್ಜಿದಷ್ಟೂ ಬಾಯಿ ಬಿಡುತ್ತೆ. ಮೇಣ ತುಂಬಿ ಒಂದು ಕೈ ಎಳೆದ್ರೆ ಯಾರಪ್ಪನಿಗೂ ಕಾಣಲ್ಲ. ನಮ್ಮ ಕಾರ್ಖಾನೆಯಿಂದ ಹೀಗೇ ಎಷ್ಟೋ ಪಾತ್ರೆ ಮನೆ ಸೇರಿವೆ." ಅವರು ನಕ್ಕರು.

"ಅಲ್ಲಿ ಅನ್ನ ಮಾಡ್ತಿದ್ರು. ಇಲ್ಲಿ ನಿನ್ನೆ ಒಬ್ಬರ ರಕ್ತ ಒರೆಸಿದ ನೀರು ಇವತ್ತು ಇನ್ನೊಬ್ಬರ ಮಂಚದ ಸುತ್ತ..."

"ನಿನ್ನ ಕೆಲಸ ಬೇಕೋ ಬೇಡ್ವೋ?"

ಅವಳು ಮರದ ತುಂಡನ್ನು ಕೆಳಗಿಟ್ಟಳು. ಮಾವ ಹೆಬ್ಬೆರಳಿನಿಂದ ಮೇಣ ಒತ್ತಿ ಬಟ್ಟೆ ಎಳೆದರು. ಗೀರು ಇದ್ದ ಜಾಗವೇ ಗೊತ್ತಾಗಲಿಲ್ಲ.

"ಬಂದ್ರು, ಬಂದ್ರು!" ಎನ್ನುತ್ತ ಮೇಲ್ವಿಚಾರಕಿ ಒಳಬಂದರು. ಹಿಂದೆಯೇ ತಪಾಸಣೆಯವರು. ಅವರು ತೊಟ್ಟಿಯೊಳಗೆ ಬಗ್ಗಿ ತಮ್ಮದೇ ಮುಖ ಕಂಡರು. "ಭೇಷ್. ಹೊಸದಾ?"

"ಹಳೇದೇ ಸಾರ್, ನಮ್ಮ ಹುಡುಗಿ ಕೈ ಹಾಗಿದೆ," ಎಂದು ಮೇಲ್ವಿಚಾರಕಿ ಹಲ್ಲುಬಿಟ್ಟರು.

ಪೆನ್ನು ಕಾಗದದ ಮೇಲೆ ಇಳಿಯಿತು. ಸೊಸೆ ಮುಂದೆ ಬಂದಳು.

"ಸಾರ್, ಒಂದು ನಿಮಿಷ."

ಬಿಸಿನೀರಿನ ನಲ್ಲಿಯ ಕೆಳಗೆ ತೊಟ್ಟಿಯನ್ನು ನೂಕಿ, ನಲ್ಲಿ ತಿರುಪಿದಳು. ಹಬೆ ಎದ್ದಿತು.

"ಏನೇ ಮಾಡ್ತಿದೀಯ? ತಲೆ ಕೆಟ್ಟಿದೆಯಾ?" ಮೇಲ್ವಿಚಾರಕಿಯ ಕೈ ನಲ್ಲಿಯತ್ತ ಚಾಚಿತು. ಆ ದಾರಿಗೆ ಅಡ್ಡಲಾಗಿ ಮಾವ ಬಂದು ನಿಂತರು, ಕೆಮ್ಮಿದರು, ಸರಿಯಲಿಲ್ಲ.

ನೀರು ಗೇಣುದ್ದ ಏರಿತು. ಅವಳು ನಲ್ಲಿ ನಿಲ್ಲಿಸಿದಳು. ತಪಾಸಣೆಯವರು ಹಬೆ ಕಟ್ಟಿದ ಕನ್ನಡಕ ತೆಗೆದು, ಬರಿಗಣ್ಣು ಕಿರಿದು ಮಾಡಿ ಬಗ್ಗಿದರು. ತಿಳಿನೀರಿನಲ್ಲಿ ಮೊದಲು ಮೇಣದ ಹನಿಯೊಂದು ತೇಲಿ ಬಂತು. ಅದರ ಹಿಂದೆ, ಮೂಲೆಯಿಂದ, ಕೂದಲಿನಷ್ಟು ಸಪೂರದ ಕಪ್ಪು ಎಳೆಯೊಂದು ಮೆಲ್ಲಗೆ ಮೇಲೇಳತೊಡಗಿತು.